ಮುಳ್ಳಿನ ಮೀಟರ್ ಇಳಿಸಿ ಸ್ಕ್ರೀನ್ ಏರಿಸುವಾಗ

ಕಾರವಾರದ ಟಾಗೋರ್ ಕಡಲತೀರದಲ್ಲಿ ಚಪಲ್ ಯುದ್ಧನೌಕೆಯ ಜೊತೆಗೆ ಈಗ ಟ್ಯುಪೊಲೆವ್ 142 ವಿಮಾನವೂ ನಿಂತಿದೆ. ನೌಕಾಪಡೆ 1988ರಲ್ಲಿ ಸೇರಿಸಿಕೊಂಡು 2017ರಲ್ಲಿ ನಿವೃತ್ತಿ ಮಾಡಿಸಿದ ಈ ಕಡಲ ಕಾವಲಿನ ವಿಮಾನ ಮುಳ್ಳಿನ ಮೀಟರುಗಳ ಕಾಲದ್ದು. ವೇಗಕ್ಕೊಂದು, ಎತ್ತರಕ್ಕೊಂದು, ಒಂದೊಂದು ಇಂಜಿನ್ನಿಗೂ ಒಂದೊಂದು ಸಾಲು. ಇಂಜಿನ್ ಮೀಟರುಗಳ ಮೇಲೆ ಕಣ್ಣಿಡಲೆಂದೇ ಫ್ಲೈಟ್ ಇಂಜಿನಿಯರ್ ಬೇರೆ ಕೂರುತ್ತಿದ್ದರು. ಇವತ್ತು ಶೆಡ್ಡಿನಲ್ಲಿ ಕಟ್ಟಿದ ಎರಡು ಸೀಟಿನ ವಿಮಾನದಲ್ಲೂ ಹತ್ತು ಇಂಚಿನ ಒಂದು ಸ್ಕ್ರೀನ್ ಅಷ್ಟನ್ನೂ ತೋರಿಸುತ್ತದೆ; ಎಣ್ಣೆಯ ಒತ್ತಡ ಇಳಿದರೆ ತಾನೇ ಕೂಗಿ ಹೇಳುತ್ತದೆ.

ಸಣ್ಣ ವಿಮಾನದಲ್ಲಿ ಮೀಟರುಗಳ ಪ್ಯಾನೆಲ್ ತೆಗೆದು ಸ್ಕ್ರೀನ್ ಹಾಕಹೊರಟವರು ಮೊದಲು ಕೇಳುವುದು ಯಾವ ಕಂಪನಿಯದು ತಗೊಳ್ಳೋದು, ಎಷ್ಟು ಇಂಚಿನದು ಅಂತ. ಡೈನಾನ್, ಗಾರ್ಮಿನ್, ದಕ್ಷಿಣ ಆಫ್ರಿಕಾದ ಎಂಜಿಎಲ್, ಯಾವುದಾದರೂ ಈ ಕೆಲಸಕ್ಕೆ ಸಾಕು. ತಲೆ ಕೆಡಿಸಿಕೊಳ್ಳಬೇಕಾದ ವಿಷಯ ಬೇರೆ ಇದೆ. ಹಾರಾಟಕ್ಕೆ ಬೇಕಾದ ಹಳೆಯ ಆರು ಮೀಟರುಗಳು ಒಂದೊಂದಾಗಿ ಕೆಡುತ್ತಿದ್ದವು, ಒಂದು ಹೋದರೂ ಉಳಿದ ಐದು ಇರುತ್ತಿದ್ದವು. ಸ್ಕ್ರೀನ್ ಆರಿದರೆ ಎಲ್ಲವೂ ಒಂದೇ ಸಲಕ್ಕೆ ಹೋಗುತ್ತವೆ. ಹಾಗಾಗಿ ಇದು ಸ್ಕ್ರೀನ್ ಕೂರಿಸುವ ಕೆಲಸಕ್ಕಿಂತ ಹೆಚ್ಚಾಗಿ ಅದರ ಹಿಂದಿನ ಕರೆಂಟು, ಪೈಪು, ಸೆನ್ಸರು, ವೈರುಗಳ ಕೆಲಸ. ಮುಂದಿನ ಲೆಕ್ಕಗಳಿಗೆಲ್ಲ ಉದಾಹರಣೆಯಾಗಿ 100 ಅಶ್ವಶಕ್ತಿಯ ರೋಟ್ಯಾಕ್ಸ್ 912 ಯುಎಲ್‌ಎಸ್ ಇಂಜಿನ್ ಇರುವ, ಎರಡು ಸೀಟಿನ ಅಲ್ಯುಮಿನಿಯಂ ವಿಮಾನವನ್ನು ಇಟ್ಟುಕೊಳ್ಳೋಣ.

ಹಳೆಯದು ಏನು ಮಾಡುತ್ತಿತ್ತು

ಆರು ಮೀಟರುಗಳಿಗೆ ಮೂರು ಬೇರೆ ಬೇರೆ ಮೂಲ. ವೇಗ, ಎತ್ತರ, ಏರಿಳಿತದ ದರ ತೋರಿಸುವ ಮೂರಕ್ಕೆ ಗಾಳಿಯ ಒತ್ತಡ ಸಾಕು, ಕರೆಂಟು ಬೇಡ. ವಿಮಾನ ಎಷ್ಟು ವಾಲಿದೆ ಎಂದು ತೋರಿಸುವ ಕೃತಕ ದಿಗಂತ ಮತ್ತು ದಿಕ್ಕಿನ ಮೀಟರ್ ಎರಡರೊಳಗಿನ ಜೈರೋವನ್ನು, ಅಂದರೆ ವೇಗವಾಗಿ ಸುತ್ತುವ ಚಕ್ರವನ್ನು, ತಿರುಗಿಸುತ್ತಿದ್ದುದು ವ್ಯಾಕ್ಯೂಮ್ ಪಂಪು ಅಥವಾ ಹೊರಗೆ ಕಟ್ಟಿದ, ಗಾಳಿ ಹಾಯುವಾಗ ಎಳೆತ ಹುಟ್ಟಿಸುವ ವೆಂಚುರಿ ಕೊಳವೆ. ತಿರುವು ತೋರಿಸುವ ಆರನೆಯದು ಬ್ಯಾಟರಿಯ ಮೇಲೆ ಓಡುತ್ತಿತ್ತು. ಇಂಜಿನ್ ಮೀಟರುಗಳದ್ದು ಇನ್ನೊಂದು ಕಥೆ. ಕೆಲವು ಹಳೆಯ ವಿಮಾನಗಳಲ್ಲಿ ಆಯಿಲ್ ಪ್ರೆಶರ್ ಮೀಟರಿಗೆ ಇಂಜಿನ್ನಿನಿಂದ ಕಾಕ್‌ಪಿಟ್‌ವರೆಗೆ ಬಿಸಿ ಎಣ್ಣೆಯ ಸಣ್ಣ ಪೈಪನ್ನೇ ಎಳೆದಿರುತ್ತಾರೆ. ಡಿಜಿಟಲ್ ಆಗುವುದರಿಂದ ಸಿಗುವ ದೊಡ್ಡ ಲಾಭಗಳಲ್ಲಿ ಆ ಪೈಪು ಹೋಗುವುದೂ ಒಂದು. ಅದು ಹೋದ ಮೇಲೆ ಇಂಜಿನ್ನಿಗೂ ಕೂರುವ ಜಾಗಕ್ಕೂ ನಡುವಿನ ಗೋಡೆಯಾದ ಫೈರ್‌ವಾಲ್‌ನಲ್ಲಿ ಉಳಿಯುವ ತೂತನ್ನು ಬೆಂಕಿ ತಡೆಯುವ ಸೀಲೆಂಟ್ ಮತ್ತು ಲೋಹದ ಮುಚ್ಚಳ ಹಾಕಿ ಮುಚ್ಚಬೇಕು, ಬರೀ ಟೇಪು ಸಾಲದು.

ಹೊಸದರಲ್ಲಿ ತಿರುಗುವ ಜೈರೋ ಇಲ್ಲ. ಅಗಲದಲ್ಲಿ ಅಂಗೈ ತುಂಬುವಷ್ಟು ಡಬ್ಬಿಯೊಂದರಲ್ಲಿ ಚಿಪ್ ರೂಪದ ಜೈರೋಗಳು, ವೇಗೋತ್ಕರ್ಷದ ಸೆನ್ಸರುಗಳು, ಎರಡು ಗಾಳಿ ಒತ್ತಡದ ಸೆನ್ಸರುಗಳು ಕೂತಿರುತ್ತವೆ. ಕ್ಷೇತ್ರದವರು ಇದನ್ನು ಎಹಾರ್ಸ್ ಅನ್ನುತ್ತಾರೆ. ಇದರ ಜೊತೆಗೆ ದಿಕ್ಕಿಗೆ ಒಂದು ಮ್ಯಾಗ್ನೆಟೋಮೀಟರ್, ಇಂಜಿನ್ ಸೆನ್ಸರುಗಳೆಲ್ಲ ಬಂದು ಸೇರುವ ಒಂದು ಡಬ್ಬಿ, ಜಿಪಿಎಸ್ ಆಂಟೆನಾ, ಬ್ಯಾಕಪ್ ಬ್ಯಾಟರಿ. ಸ್ಕ್ರೀನ್ ಇವೆಲ್ಲದರ ಮಾತನ್ನು ಕೇಳಿ ಚಿತ್ರ ಬರೆಯುವ ಕಂಪ್ಯೂಟರ್ ಅಷ್ಟೇ.

ಇಲ್ಲೊಂದು ಸೂಕ್ಷ್ಮ ಇದೆ, ಇದನ್ನು ಬಿಟ್ಟರೆ ಮುಂದಿನದು ಅರ್ಥವಾಗುವುದಿಲ್ಲ. ಚಿಪ್ ಜೈರೋ ಹೊತ್ತು ಕಳೆದಂತೆ ಸ್ವಲ್ಪ ಸ್ವಲ್ಪ ಜಾರುತ್ತದೆ. ಅದನ್ನು ಸರಿದಾರಿಗೆ ತರಲು ಬಹಳಷ್ಟು ಎಹಾರ್ಸ್‌ಗಳು ಗಾಳಿಯ ವೇಗದ ನೆರವು ಪಡೆಯುತ್ತವೆ, ಅದು ಇಲ್ಲದಾಗ ಜಿಪಿಎಸ್ ವೇಗಕ್ಕೆ ಹೋಗುತ್ತವೆ. ಹಳೆಯ ಪ್ಯಾನೆಲ್‌ನಲ್ಲಿ ಎದುರುಗಾಳಿಯ ಒತ್ತಡ ಹಿಡಿಯುವ ಪಿಟೋ ಟ್ಯೂಬ್ ಕಟ್ಟಿಕೊಂಡರೆ ವೇಗದ ಮೀಟರ್ ಒಂದೇ ಸುಳ್ಳು ಹೇಳುತ್ತಿತ್ತು. ಹೊಸದರಲ್ಲಿ ಅದೇ ಕಟ್ಟಿದ ಟ್ಯೂಬು ಕೃತಕ ದಿಗಂತವನ್ನೂ ವಾಲಿಸಬಲ್ಲದು. ನಮ್ಮ ಮಲೆನಾಡಿನಲ್ಲಂತೂ ಇದು ದೂರದ ಮಾತಲ್ಲ. ಶಿರಸಿ, ಸಿದ್ದಾಪುರದ ಕಡೆ ಕೊಟ್ಟಿಗೆಯಲ್ಲಿ ಬಿಟ್ಟ ಯಾವ ಸಣ್ಣ ತೂತನ್ನೂ ಕುಂಬಾರ ಹುಳ ಖಾಲಿ ಇರಲು ಬಿಡುವುದಿಲ್ಲ. ಮಣ್ಣು ತಂದು ಮೆತ್ತಿ, ಒಳಗೆ ಜೇಡ ತುಂಬಿ, ಮೊಟ್ಟೆಯಿಟ್ಟು ಮುಚ್ಚಿ ಹೋಗಲು ಅದಕ್ಕೆ ಒಂದೆರಡು ದಿನ ಸಾಕು. ಕೆಂಪು ಪಟ್ಟಿಯ ಪಿಟೋ ಕವರ್ ವಿಮಾನ ನಿಂತ ಕೂಡಲೇ ಏರಬೇಕು. ಸುತ್ತಲಿನ ಗಾಳಿಯ ಒತ್ತಡ ಹಿಡಿಯುವ ಸ್ಟ್ಯಾಟಿಕ್ ತೂತುಗಳಿಗೂ ಮುಚ್ಚಳ ಇರಲಿ, ತೆಗೆಯಲು ಮರೆಯದ ಹಾಗೆ ಬಣ್ಣದ ಉದ್ದ ಪಟ್ಟಿಯೂ ಇರಲಿ.

ಕರೆಂಟಿನ ಲೆಕ್ಕ

ರೋಟ್ಯಾಕ್ಸ್ 912ರ ಒಳಗಿನ ಜನರೇಟರ್ 250 ವ್ಯಾಟ್‌ನದು. 13.5 ವೋಲ್ಟಿನಲ್ಲಿ ಅದು ಹೆಚ್ಚೆಂದರೆ 18 ಆಂಪಿಯರ್, ಅದೂ ಇಂಜಿನ್ ಚುರುಕಾಗಿ ತಿರುಗುವಾಗ. ಐಡಲ್‌ನಲ್ಲಿ ಇದರ ಒಂದು ಭಾಗವಷ್ಟೇ ಬರುತ್ತದೆ; ನೆಲದ ಮೇಲೆ ಕಾಯುತ್ತ ನಿಂತಷ್ಟು ಹೊತ್ತೂ ಬ್ಯಾಟರಿ ಕರಗುತ್ತಿರುತ್ತದೆ. ಹತ್ತು ಇಂಚಿನ ಸ್ಕ್ರೀನ್ ಮತ್ತು ಅದರ ಡಬ್ಬಿಗಳು 3ರಿಂದ 4 ಆಂಪಿಯರ್, ರೇಡಾರಿಗೆ ವಿಮಾನದ ಗುರುತು ಹೇಳುವ ಟ್ರಾನ್ಸ್‌ಪಾಂಡರ್ ಅರ್ಧದಿಂದ 1, ರೇಡಿಯೋ ಕೇಳುವಾಗ ಅರ್ಧ, ಮಾತಾಡುವಾಗ 2ರ ಮೇಲೆ, ಸಹಾಯಕ ಫ್ಯೂಯಲ್ ಪಂಪ್ ಒಂದೂವರೆ, ಎಲ್‌ಇಡಿ ದೀಪಗಳು 2ರಿಂದ 4. ನಿಖರ ಅಂಕಿಯನ್ನು ನಿಮ್ಮ ಸಾಮಾನಿನ ಮ್ಯಾನುಯಲ್‌ನಿಂದಲೇ ತೆಗೆದು ಕಾಗದದ ಮೇಲೆ ಕೂಡಿಸಿ. ಸದಾ ಓಡುವ ಸಾಮಾನುಗಳ ಮೊತ್ತ ಜನರೇಟರಿನ 80 ಶೇಕಡಾ ಒಳಗೆ, ಅಂದರೆ 14 ಆಂಪಿಯರ್ ಒಳಗೆ ಬಂದರೆ ನೆಮ್ಮದಿ. ಎರಡನೇ ಸ್ಕ್ರೀನ್, ಆಟೋಪೈಲಟ್, ಫೋನ್ ಚಾರ್ಜರ್ ಅಂತ ಸೇರಿಸುತ್ತ ಹೋದರೆ ಈ ಗೆರೆ ದಾಟುವುದು ಬಹಳ ಸುಲಭ.

ಈ ಇಂಜಿನ್ನಿನಲ್ಲಿ ಕರೆಂಟು ಹೋಗಲು ಮುಖ್ಯ ಕಾರಣ ಜನರೇಟರಿನ ಕರೆಂಟನ್ನು ಡಿಸಿ ಮಾಡಿ ವೋಲ್ಟೇಜ್ ಹಿಡಿದಿಡುವ, ಹೊರಗೆ ಕೂರಿಸಿದ ರೆಕ್ಟಿಫೈಯರ್ ರೆಗ್ಯುಲೇಟರ್. ಅದರ ಮೈ 80 ಡಿಗ್ರಿ ಸೆಲ್ಸಿಯಸ್ ದಾಟಬಾರದು. ಇಂಜಿನ್ನಿನ ಹಿಂದೆ ಗಾಳಿ ಸುಳಿಯದ ಮೂಲೆಯಲ್ಲಿ ಕೂರಿಸಿದರೆ ನಮ್ಮ ಏಪ್ರಿಲ್ ಸೆಕೆಯಲ್ಲಿ ಆ ಗಡಿ ಮುಟ್ಟುವುದು ಏನೂ ಕಷ್ಟವಲ್ಲ. ಹೊರಗಿನ ತಂಪು ಗಾಳಿಯನ್ನು ಒಂದು ಸಣ್ಣ ಕೊಳವೆಯಿಂದ ಅದರ ಮೈಮೇಲಿನ ಲೋಹದ ಪಟ್ಟಿಗಳ ಮೇಲೆ ಬಿಡಿ. ಅದರ ಚಪ್ಪಟೆ ಟರ್ಮಿನಲ್‌ಗಳು ಸಡಿಲವಾಗಿದ್ದರೆ ಅಲ್ಲೇ ಕಾದು ಪ್ಲಾಸ್ಟಿಕ್ ಕರಗುತ್ತದೆ. ಬಣ್ಣ ಕಂದು ತಿರುಗಿದ ಟರ್ಮಿನಲ್ ಕಂಡರೆ ಕ್ರಿಂಪ್, ಅಂದರೆ ವೈರನ್ನು ಕಚ್ಚಿಹಿಡಿದ ಲೋಹದ ತುದಿಯನ್ನು, ಮತ್ತೆ ಒತ್ತಿ ಸರಿಮಾಡಲು ಹೋಗದೆ ವೈರಿನ ತುದಿ ಕತ್ತರಿಸಿ ಹೊಸದು ಹಾಕಿ. ಔಟ್‌ಪುಟ್‌ಗೆ ಅಡ್ಡಲಾಗಿ 22,000 ಮೈಕ್ರೋಫ್ಯಾರಡ್ ಕೆಪ್ಯಾಸಿಟರ್ ಇರಬೇಕು ಎಂದು ಇಂಜಿನ್ ತಯಾರಕರೇ ಹೇಳುತ್ತಾರೆ. ಬ್ಯಾಟರಿ ಸಂಪರ್ಕ ತಪ್ಪಿದಾಗ ವೋಲ್ಟೇಜ್ ಹುಚ್ಚಾಪಟ್ಟೆ ಕುಣಿಯದಂತೆ ಹಿಡಿಯುವುದು ಅದೇ. ಮುಳ್ಳಿನ ಮೀಟರು ಆ ಕುಣಿತವನ್ನು ತಡೆದುಕೊಳ್ಳುತ್ತಿತ್ತು, ಲಕ್ಷಾಂತರ ರೂಪಾಯಿಯ ಸ್ಕ್ರೀನ್ ತಡೆದುಕೊಳ್ಳುತ್ತದೆ ಅಂತ ಹೇಳಲಾಗದು.

ಸ್ಟಾರ್ಟರ್ ಒತ್ತಿದಾಗ ವೋಲ್ಟೇಜ್ 9, 10ಕ್ಕೆ ಕುಸಿಯುತ್ತದೆ. ಆಗ ಸ್ಕ್ರೀನ್ ರೀಬೂಟ್ ಆಗಿ, ಇಂಜಿನ್ ಹತ್ತಿದ ಮೊದಲ ಹತ್ತು ಸೆಕೆಂಡಿನ ಆಯಿಲ್ ಪ್ರೆಶರ್ ಕಾಣದೇ ಹೋಗುತ್ತದೆ. ಅದೇ ಹೊತ್ತಿನಲ್ಲಿ ಅದನ್ನು ನೋಡಲೇಬೇಕಲ್ಲ! ಬ್ಯಾಕಪ್ ಬ್ಯಾಟರಿ ಈ ತೊಂದರೆಯನ್ನೂ ನೀಗಿಸುತ್ತದೆ. ಒಂದು ಸ್ಕ್ರೀನನ್ನು ಸುಮಾರು ಒಂದು ಗಂಟೆ ನಡೆಸುವ ಬ್ಯಾಟರಿಗಳು ಸಿಗುತ್ತವೆ. ಆದರೆ ಮೂರು ವರ್ಷ ಹಳೆಯದಾದ ಬ್ಯಾಟರಿ ನಿಜಕ್ಕೂ ಒಂದು ಗಂಟೆ ಕೊಡುತ್ತದೆಯೇ ಎಂದು ನೆಲದ ಮೇಲೆಯೇ ಇಡೀ ವಿಮಾನದ ಕರೆಂಟಿನ ಮಾಸ್ಟರ್ ಸ್ವಿಚ್ ಆಫ್ ಮಾಡಿ, ಗಡಿಯಾರ ಹಿಡಿದು ನೋಡಿ. ಮುಕ್ಕಾಲು ಗಂಟೆಗಿಂತ ಕಡಿಮೆ ಬಂದರೆ ಬದಲಿಸಿ.

ಎರಡು ಸ್ಕ್ರೀನ್ ಹಾಕಿದ್ದೇವೆ, ಇನ್ನೇನು ಭಯ ಅನ್ನುವವರಿಗೆ ಒಂದು ಮಾತು. ಎರಡೂ ಒಂದೇ ಎಹಾರ್ಸ್, ಒಂದೇ ಪಿಟೋ ಟ್ಯೂಬ್, ಒಂದೇ ಮಾಸ್ಟರ್ ರಿಲೇ ನೆಚ್ಚಿಕೊಂಡಿದ್ದರೆ ಅದು ಒಂದೇ ಸುಳ್ಳನ್ನು ಎರಡು ಕಡೆ ಓದಿದ ಹಾಗೆ. ಕರೆಂಟಿಲ್ಲದೆ ಓಡುವ ಎರಡೂಕಾಲು ಇಂಚಿನ, ಅಂದರೆ 57 ಮಿಲಿಮೀಟರಿನ ಒಂದು ವೇಗದ ಮೀಟರ್, ಒಂದು ಎತ್ತರದ ಮೀಟರ್, ಜೊತೆಗೆ ಹಳೆಯ ದಿಕ್ಸೂಚಿ, ಇಷ್ಟನ್ನು ಉಳಿಸಿಕೊಂಡರೆ ಹಗಲು ಹೊತ್ತಿನಲ್ಲಿ ಕಣ್ಣಿಗೆ ನೆಲ ಕಾಣುವಾಗ ಇಳಿಯಲು ಧಾರಾಳ ಸಾಕು. ಜಾಗ ಇಲ್ಲ ಅನ್ನುವವರು ಸ್ಕ್ರೀನನ್ನೇ ಸಣ್ಣದು ಮಾಡಿಕೊಳ್ಳಲಿ.

ಗಾಳಿಯ ಪೈಪುಗಳು

ಹಳೆಯ ರಬ್ಬರ್ ಪೈಪುಗಳನ್ನು ಹಾಗೇ ಹೊಸ ಡಬ್ಬಿಗೆ ಜೋಡಿಸುವ ಆಸೆ ಬರುತ್ತದೆ, ಬೇಡ. ಕಾಲು ಇಂಚಿನ ಹೊಸ ಪಾಲಿಎಥಿಲೀನ್ ಅಥವಾ ನೈಲಾನ್ ಪೈಪು, ಒತ್ತಿ ಕೂರಿಸುವ ಫಿಟಿಂಗ್ ಹಾಕಿ. ಪಿಟೋಗೆ ಒಂದು ಬಣ್ಣ, ಸ್ಟ್ಯಾಟಿಕ್‌ಗೆ ಇನ್ನೊಂದು. ತುದಿಯನ್ನು ಹರಿತವಾದ ಬ್ಲೇಡಿನಿಂದ ನೇರವಾಗಿ ಕತ್ತರಿಸಬೇಕು. ಓರೆಯಾಗಿ ಕತ್ತರಿಸಿದ ಪೈಪು ಒಳಗಿನ ಓ ರಿಂಗ್‌ಗೆ ಪೂರ್ತಿ ಕೂರುವುದಿಲ್ಲ, ಸೋರಿಕೆಗಳಲ್ಲಿ ಹೆಚ್ಚಿನವು ಅಲ್ಲಿಂದಲೇ. ವರ್ಷಕ್ಕೆ ಸುಮಾರು 3,000 ಮಿಲಿಮೀಟರ್ ಮಳೆ ಬೀಳುವ ನಮ್ಮ ಕರಾವಳಿಯಲ್ಲಿ ಪೈಪಿನ ಅತಿ ತಗ್ಗಿನ ಜಾಗದಲ್ಲಿ ನೀರು ಬಿಡುವ ಒಂದು ಡ್ರೈನ್ ಇರಲೇಬೇಕು, ಪಿಟೋಗೂ ಸ್ಟ್ಯಾಟಿಕ್‌ಗೂ.

ಬಾಯಿಂದ ಊದಿ ಪರೀಕ್ಷೆ ಮಾಡುವ ಚಾಳಿ ಇದ್ದರೆ ಬಿಡಿ. ಸೆನ್ಸರಿನ ಒಳಗಿನ ಪೊರೆ ಆ ಒತ್ತಡಕ್ಕೆ ಹಾಳಾಗಬಹುದು, ಎಂಜಲಿನ ತೇವ ಒಳಗೇ ಉಳಿಯುತ್ತದೆ. ಬೇಕಾದ ಉಪಕರಣ ಯಾವ ಪೇಟೆಯಲ್ಲೂ ಸಿಗುತ್ತದೆ. ಗಾರೆ ಕೆಲಸದವರು ಮಟ್ಟ ನೋಡಲು ಬಳಸುವ ಪಾರದರ್ಶಕ ಲೆವೆಲ್ ಪೈಪನ್ನು ಇಂಗ್ಲಿಷಿನ ಯು ಆಕಾರಕ್ಕೆ ಒಂದು ಹಲಗೆಗೆ ಕಟ್ಟಿ, ಬಣ್ಣದ ನೀರು ಹಾಕಿ, ಪಕ್ಕದಲ್ಲಿ ಸ್ಕೇಲ್ ಅಂಟಿಸಿ. ಯು ಪೈಪಿನ ಒಂದು ತುದಿಯನ್ನು ಟಿ ಫಿಟಿಂಗ್ ಮೂಲಕ ಪಿಟೋಗೂ ಸಿರಿಂಜ್‌ಗೂ ಸೇರಿಸಿ, ಇನ್ನೊಂದು ತುದಿ ತೆರೆದಿರಲಿ. ಸಿರಿಂಜನ್ನು ನಿಧಾನವಾಗಿ ಒತ್ತಿದಂತೆ ಎರಡು ಕಡೆಯ ನೀರಿನ ಮಟ್ಟದ ವ್ಯತ್ಯಾಸ 60 ಮಿಲಿಮೀಟರ್ ಬಂದಾಗ ಸ್ಕ್ರೀನ್ 60 ನಾಟ್ ತೋರಿಸಬೇಕು. 106 ಮಿಲಿಮೀಟರಿಗೆ 80 ನಾಟ್, 166ಕ್ಕೆ 100, 240ಕ್ಕೆ 120. ಒತ್ತಡ ವೇಗದ ವರ್ಗಕ್ಕೆ ಅನುಗುಣವಾಗಿ ಏರುವುದರಿಂದ ಅಂಕಿಗಳು ಹೀಗೆ ಜಿಗಿಯುತ್ತವೆ. 100 ನಾಟ್‌ನಲ್ಲಿ ನಿಲ್ಲಿಸಿ ಸಿರಿಂಜನ್ನು ಅಲುಗದಂತೆ ಹಿಡಿದಾಗ ಅಂಕಿ ಇಳಿಯುತ್ತಿದ್ದರೆ ಸೋರಿಕೆ ಇದೆ ಎಂದೇ ಅರ್ಥ.

ಸ್ಟ್ಯಾಟಿಕ್ ಪರೀಕ್ಷೆಗೆ ಸಿರಿಂಜಿನಿಂದ ಗಾಳಿ ಎಳೆಯಬೇಕು. ಎತ್ತರ 1,000 ಅಡಿ ಏರಿದಾಗ ನಿಲ್ಲಿಸಿ ಒಂದು ನಿಮಿಷ ಕಾಯಿರಿ. ಅಷ್ಟರಲ್ಲಿ 100 ಅಡಿಗಿಂತ ಹೆಚ್ಚು ಇಳಿಯಬಾರದು ಎನ್ನುವುದು ಅಮೆರಿಕದ ನಿಯಮದ ಅಳತೆ, ಎಲ್ಲ ಕಡೆ ಅದನ್ನೇ ಹಿಡಿಯುತ್ತಾರೆ. ಒಂದು ಎಚ್ಚರಿಕೆ: ಪಿಟೋ ತೆರೆದಿಟ್ಟು ಸ್ಟ್ಯಾಟಿಕ್ ಮಾತ್ರ 1,000 ಅಡಿ ಎಳೆದರೆ ವೇಗದ ಮೀಟರ್ 150 ನಾಟ್ ಹತ್ತಿರ ಹೋಗುತ್ತದೆ. ಉಳಿಸಿಕೊಂಡ ಸಣ್ಣ ಮುಳ್ಳಿನ ಮೀಟರು ಅಷ್ಟು ತಾಳದಿದ್ದರೆ ಒಳಗಿನ ಡಯಾಫ್ರಮ್ ಕೆಡುತ್ತದೆ. ಅದಕ್ಕೇ ಎರಡೂ ಪೈಪುಗಳನ್ನು ಟಿ ಹಾಕಿ ಸೇರಿಸಿ ಎಳೆಯಬೇಕು, ಬಿಡುವಾಗಲೂ ನಿಧಾನ.

ಎತ್ತರದ ಸೆನ್ಸರ್ ಒಟ್ಟಾರೆ ಸರಿಯಿದೆಯೇ ಎಂದು ನೋಡಲು ನಮ್ಮ ಉತ್ತರ ಕನ್ನಡ ಜಿಲ್ಲೆಯವರಿಗೆ ಒಂದು ಅನುಕೂಲ ಇದೆ. ಪ್ಯಾನೆಲ್‌ಗೆ ಕೂರಿಸುವ ಮೊದಲು ಎಹಾರ್ಸ್, ಸ್ಕ್ರೀನ್, ಒಂದು 12 ವೋಲ್ಟ್ ಬ್ಯಾಟರಿಯನ್ನು ಕಾರಿನಲ್ಲಿಟ್ಟು ಕುಮಟಾದಿಂದ ದೇವಿಮನೆ ಘಟ್ಟ ಹತ್ತಿ ಶಿರಸಿಗೆ ಬನ್ನಿ. ಶಿರಸಿ ಸುಮಾರು 590 ಮೀಟರ್, 1,900 ಚಿಲ್ಲರೆ ಅಡಿ ಎತ್ತರದಲ್ಲಿದೆ. ಸ್ಕ್ರೀನಿನಲ್ಲಿ ಏರಿಕೆ 1,850ರ ಆಸುಪಾಸು ಕಂಡರೆ ಗಾಬರಿಯಾಗಬೇಡಿ. ಮೀಟರಿನ ಲೆಕ್ಕ ಸಮುದ್ರಮಟ್ಟದಲ್ಲಿ 15 ಡಿಗ್ರಿ ಇರುವ ಗಾಳಿಯದ್ದು. ನಮ್ಮ 30 ಡಿಗ್ರಿಯ ಹಗುರ ಗಾಳಿಯಲ್ಲಿ ಅದು ನಾಲ್ಕೈದು ಶೇಕಡಾ ಕಡಿಮೆ ತೋರಿಸುವುದು ಸಹಜ. ಹೊತ್ತನ್ನೂ ಗಮನಿಸಿ. ನಮ್ಮ ಕಡೆ ಗಾಳಿಯ ಒತ್ತಡ ಬೆಳಿಗ್ಗೆ ಹತ್ತರ ಸುಮಾರಿಗೆ ಏರಿ, ಸಂಜೆ ನಾಲ್ಕರ ಸುಮಾರಿಗೆ ಮೂರ್ನಾಲ್ಕು ಹೆಕ್ಟೋಪ್ಯಾಸ್ಕಲ್ ಇಳಿಯುತ್ತದೆ. ಒಂದು ಹೆಕ್ಟೋಪ್ಯಾಸ್ಕಲ್ ಅಂದರೆ ಸುಮಾರು 27 ಅಡಿ, ಹಾಗಾಗಿ ದಾರಿಯಲ್ಲಿ ಊಟಕ್ಕೆ ನಿಂತು ಹೊತ್ತು ಮಾಡಿದರೆ ಲೆಕ್ಕ ತಪ್ಪುತ್ತದೆ. ಅಂದ ಹಾಗೆ ಅಮೆರಿಕದ ಸ್ಕ್ರೀನ್‌ಗಳು ಒತ್ತಡವನ್ನು ಪಾದರಸದ ಇಂಚಿನಲ್ಲಿ ತೋರಿಸುತ್ತ ಬರುತ್ತವೆ. 29.92 ತೆಗೆದು 1013 ಬರುವಂತೆ ಮೊದಲ ದಿನವೇ ಬದಲಿಸಿ. ನಮ್ಮ ವಿಮಾನ ನಿಲ್ದಾಣಗಳ ಟವರುಗಳು ಹೇಳುವುದು ಹೆಕ್ಟೋಪ್ಯಾಸ್ಕಲ್.

ಇಂಜಿನ್ ಸೆನ್ಸರುಗಳು

ಹೆಚ್ಚು ಸಮಯ ತಿನ್ನುವ ಭಾಗ ಇದು, ತಪ್ಪುಗಳೂ ಇಲ್ಲೇ ಹೆಚ್ಚು.

ಆಯಿಲ್ ಪ್ರೆಶರ್‌ನಿಂದ ಶುರುಮಾಡೋಣ. ಹಳೆಯ ರೋಟ್ಯಾಕ್ಸ್‌ಗಳಲ್ಲಿ ಒತ್ತಡಕ್ಕೆ ತಕ್ಕಂತೆ ರೆಸಿಸ್ಟೆನ್ಸ್ ಬದಲಾಗುವ ಸೆನ್ಸರ್ ಇರುತ್ತಿತ್ತು, ಸುಮಾರು 10ರಿಂದ 180 ಓಮ್. ಆಮೇಲಿನವುಗಳಲ್ಲಿ 4ರಿಂದ 20 ಮಿಲಿಆಂಪಿಯರ್ ಕರೆಂಟು ಕೊಡುವ ಸೆನ್ಸರ್ ಬಂತು: 4 ಅಂದರೆ ಸೊನ್ನೆ ಬಾರ್, 20 ಅಂದರೆ 10 ಬಾರ್. ಕೈಗಾದಲ್ಲಿ ಇನ್‌ಸ್ಟ್ರುಮೆಂಟೇಶನ್ ಕೆಲಸ ಮಾಡಿದವರಿಗೆ ಇದು ನಿತ್ಯದ ಮಾತು. ಇದರ ಚಂದ ಏನೆಂದರೆ ವೈರು ತುಂಡಾದರೆ ಕರೆಂಟು 4ರ ಬದಲು ಸೊನ್ನೆಗೆ ಹೋಗುತ್ತದೆ. ಒತ್ತಡ ಇಲ್ಲವೋ ವೈರು ಇಲ್ಲವೋ ಎಂದು ಸ್ಕ್ರೀನ್ ಬೇರೆ ಬೇರೆಯಾಗಿ ಹೇಳಬಲ್ಲದು. ನಿಮ್ಮ ಇಂಜಿನ್ನಿನಲ್ಲಿ ಯಾವುದಿದೆ ಎಂದು ಸೆನ್ಸರಿನ ಮೇಲಿನ ನಂಬರ್ ನೋಡಿಯೇ ಸೆಟಿಂಗ್‌ನಲ್ಲಿ ಆರಿಸಿ. ತಪ್ಪು ಆರಿಸಿದರೆ ಅಂಕಿ ಬರುತ್ತದೆ, ನಂಬುವ ಹಾಗೂ ಇರುತ್ತದೆ, ಆದರೆ ಸುಳ್ಳಿರುತ್ತದೆ. ಬಿಸಿಯಾದ 912ರಲ್ಲಿ ಸಾಮಾನ್ಯ ಒತ್ತಡ 2ರಿಂದ 5 ಬಾರ್. ತಣ್ಣಗಿರುವಾಗ ಚಾಲೂ ಮಾಡಿದ ಕೂಡಲೇ ಸ್ವಲ್ಪ ಹೊತ್ತು 7ರವರೆಗೆ ಹೋಗಬಹುದು.

ಆಯಿಲ್ ಟೆಂಪರೇಚರ್ ಸೆನ್ಸರಿಗೆ ಒಂದೇ ವೈರು, ಮರಳಿ ಬರುವ ದಾರಿ ಇಂಜಿನ್ನಿನ ಮೈ. ಲ್ಯಾಂಡಿಂಗ್ ಲೈಟ್ ಹಾಕಿದ ಕೂಡಲೇ ಎಣ್ಣೆಯ ಬಿಸಿ ಐದಾರು ಡಿಗ್ರಿ ಜಿಗಿದರೆ ಎಣ್ಣೆ ಅಷ್ಟು ಬೇಗ ಕಾದಿರಲು ಸಾಧ್ಯವೇ ಇಲ್ಲ. ಇಂಜಿನ್ನಿಗೂ ಇನ್‌ಸ್ಟ್ರುಮೆಂಟ್ ಗ್ರೌಂಡ್‌ಗೂ ನಡುವೆ ವೋಲ್ಟೇಜ್ ವ್ಯತ್ಯಾಸ ಹುಟ್ಟಿದೆ. ಇಂಜಿನ್ ಬ್ಲಾಕಿನಿಂದ ಬ್ಯಾಟರಿ ನೆಗೆಟಿವ್‌ಗೆ ದಪ್ಪನೆಯ ಗ್ರೌಂಡ್ ಪಟ್ಟಿ ಹೊಸದಾಗಿ ಹಾಕಿ, ಸ್ಕ್ರೀನ್, ಇಂಜಿನ್ ಡಬ್ಬಿ, ರೇಡಿಯೋ ಎಲ್ಲದರ ಗ್ರೌಂಡನ್ನೂ ಫೈರ್‌ವಾಲ್ ಬಳಿ ಒಂದೇ ಬ್ಲಾಕಿಗೆ ತನ್ನಿ. ಅಲ್ಯುಮಿನಿಯಂ ಮೈಯನ್ನೇ ಗ್ರೌಂಡ್ ಮಾಡಿಕೊಳ್ಳುವ ಹಳೆಯ ರೂಢಿ ಮುಳ್ಳಿನ ಮೀಟರುಗಳಿಗೆ ನಡೆಯುತ್ತಿತ್ತು, ಸೆನ್ಸರುಗಳಿಗೆ ನಡೆಯುವುದಿಲ್ಲ.

ಎಗ್ಸಾಸ್ಟ್ ಬಿಸಿ ಅಳೆಯುವುದು ಎರಡು ಬೇರೆ ಬೇರೆ ಲೋಹದ ವೈರು ಸೇರಿದ ಕೆ ಟೈಪ್ ಥರ್ಮೋಕಪಲ್. ಇದರ ವೈರನ್ನು ಉದ್ದ ಮಾಡಬೇಕಾದರೆ ಕೆ ಟೈಪ್ ವೈರನ್ನೇ ಸೇರಿಸಬೇಕು. ನಡುವೆ ತಾಮ್ರದ ವೈರು ಹಾಕಿದರೆ, ಇಂಜಿನ್ ಕೋಣೆಯಲ್ಲಿರುವ ಆ ಜೋಡಣೆ ಕಾಕ್‌ಪಿಟ್‌ಗಿಂತ ಎಷ್ಟು ಡಿಗ್ರಿ ಬಿಸಿ ಇದೆಯೋ ಹೆಚ್ಚುಕಡಿಮೆ ಅಷ್ಟನ್ನೂ ಸ್ಕ್ರೀನ್ ನುಂಗಿಬಿಡುತ್ತದೆ. ಬಣ್ಣದಲ್ಲೂ ಒಂದು ಬಲೆ ಇದೆ. ಅಮೆರಿಕದ ಪದ್ಧತಿಯಲ್ಲಿ ಹಳದಿ ಪ್ಲಸ್, ಕೆಂಪು ಮೈನಸ್. ಕೆಂಪು ಅಂದರೆ ಪ್ಲಸ್ ಎಂದು ಕೈಗೆ ರೂಢಿಯಾದ ಎಲೆಕ್ಟ್ರಿಶಿಯನ್ ಇದನ್ನು ತಿರುವುಮುರುವು ಹಾಕುವುದು ತೀರಾ ಸಹಜ. ಆಗ ಇಂಜಿನ್ ಬಿಸಿಯಾದಂತೆ ಅಂಕಿ ಇಳಿಯುತ್ತ ಹೋಗುತ್ತದೆ. ಯುರೋಪಿನ ವೈರಾದರೆ ಹಸಿರು ಪ್ಲಸ್, ಬಿಳಿ ಮೈನಸ್. ಪ್ರೋಬ್‌ಗಳನ್ನು ಸಿಲಿಂಡರಿನಿಂದ ಒಂದೇ ದೂರದಲ್ಲಿ, ಸುಮಾರು 10 ಸೆಂಟಿಮೀಟರ್ ಕೆಳಗೆ ಕೂರಿಸಿ. ಒಂದು ಹತ್ತಿರ ಒಂದು ದೂರ ಆದರೆ ಇಲ್ಲದ ಕಾರ್ಬ್ಯುರೇಟರ್ ತೊಂದರೆಯನ್ನು ಹುಡುಕುತ್ತ ವಾರ ಕಳೆದುಹೋಗುತ್ತದೆ.

ಆರ್‌ಪಿಎಂ ಬಗ್ಗೆ ಒಂದೇ ಪರೀಕ್ಷೆ. ಒಂದು ಸುತ್ತಿಗೆ ಎಷ್ಟು ಪಲ್ಸ್ ಎಂದು ತಪ್ಪು ಕೊಟ್ಟರೆ ಅಂಕಿ ಅರ್ಧವೋ ದುಪ್ಪಟ್ಟೋ ಆಗುತ್ತದೆ. ಯುಎಲ್‌ಎಸ್‌ನ ಗೇರು 2.43ಕ್ಕೆ 1. ಇಂಜಿನ್ 5,000 ತೋರಿಸುವಾಗ ಬೆಳಕಿನ ಟ್ಯಾಕೋಮೀಟರ್ ಪ್ರೊಪೆಲ್ಲರಿನಲ್ಲಿ 2,058ರ ಹತ್ತಿರ ಹೇಳಬೇಕು. ಮೂರು ಎಲೆಯ ಪ್ರೊಪೆಲ್ಲರ್ ಆದರೆ ಟ್ಯಾಕೋಮೀಟರಿಗೆ ಅದನ್ನು ತಿಳಿಸಲು ಮರೆಯಬೇಡಿ.

ಇಂಧನ ಎಷ್ಟು ಹರಿಯುತ್ತಿದೆ ಎಂದು ಅಳೆಯುವ ಸೆನ್ಸರ್ ಈ ಇಂಜಿನ್ನಿನಲ್ಲಿ ಸ್ವಲ್ಪ ಕಿರಿಕಿರಿ, ಯಾಕೆಂದರೆ ಪಂಪಿನಿಂದ ಬಂದ ಪೆಟ್ರೋಲಿನ ಒಂದು ಪಾಲು ಟ್ಯಾಂಕಿಗೆ ವಾಪಸ್ ಹೋಗುತ್ತದೆ. ಒಂದೇ ಸೆನ್ಸರ್ ಹಾಕಿದರೆ ಸುಡದ ಪೆಟ್ರೋಲನ್ನೂ ಸುಟ್ಟದ್ದಾಗಿ ಎಣಿಸುತ್ತದೆ. ವಾಪಸ್ ಪೈಪಿಗೂ ಒಂದು ಹಾಕಿ ಕಳೆಯುವುದು ಸರಿಯಾದ ದಾರಿ. ಸೆನ್ಸರಿಗೆ ಮೊದಲು ಫಿಲ್ಟರ್, ಅದರ ಮುಂದೆ ಹಿಂದೆ ನಾಲ್ಕೈದು ಇಂಚು ನೇರ ಪೈಪು ಬೇಕು. ಬಾಗಿನ ಪಕ್ಕದಲ್ಲೇ ಕೂರಿಸಿದರೆ ಸುಳಿಯಿಂದ ಅಂಕಿ ಕುಣಿಯುತ್ತದೆ. ಟ್ಯಾಂಕಿನ ಮಟ್ಟಕ್ಕೆ ವಿಮಾನವನ್ನು ಹಾರುವ ಭಂಗಿಯಲ್ಲಿ ನಿಲ್ಲಿಸಿ, ಖಾಲಿಯಿಂದ ಶುರುಮಾಡಿ 5 ಲೀಟರಿಗೊಮ್ಮೆ ಹಾಕುತ್ತ ಸ್ಕ್ರೀನಿಗೆ ಕಲಿಸಬೇಕು. ಬೇಸರದ ಕೆಲಸ, ಅಡ್ಡದಾರಿ ಇಲ್ಲ.

ಕಿಲುಬು ಮತ್ತು ಕಬ್ಬಿಣ

ಉಪ್ಪುಗಾಳಿ ಕನೆಕ್ಟರಿಗೆ ಏನು ಮಾಡುತ್ತದೆ ಎಂದು ಬೈತಖೋಲ ಬಂದರಿನಲ್ಲಿ ಮೀನಿನ ಬೋಟಿಗೆ ಜಿಪಿಎಸ್, ಫಿಶ್‌ಫೈಂಡರ್ ಕೂರಿಸುವವರನ್ನು ಕೇಳಿ. ಯಂತ್ರ ಚೆನ್ನಾಗಿರುತ್ತದೆ, ಪಿನ್ನಿಗೆ ಹಸಿರು ಕಿಲುಬು ಹತ್ತಿ ಕೈಕೊಡುತ್ತದೆ. ವಿಮಾನಕ್ಕೂ ಅದೇ ಪಾಠ. ಚಿನ್ನದ ಲೇಪದ ಪಿನ್, ಅದಕ್ಕೆಂದೇ ಇರುವ ನಾಲ್ಕು ಕಡೆ ಒತ್ತುವ ಕ್ರಿಂಪರ್, ಟೆಫ್‌ಝೆಲ್ ಹೊದಿಕೆಯ ತವರ ಲೇಪಿತ ವೈರು. ಪೇಟೆಯ ಪಿವಿಸಿ ವೈರು ಅಗ್ಗ, ಆದರೆ ಸುಟ್ಟಾಗ ಬರುವ ಹೊಗೆಯಲ್ಲಿ ಉಸಿರಾಡಲಾಗದು. ಸೆನ್ಸರುಗಳಿಗೆ 22 ಗೇಜ್, ಸ್ಕ್ರೀನಿನ ಪವರ್‌ಗೆ 20 ಗೇಜ್ ಸಾಮಾನ್ಯವಾಗಿ ಸಾಕು. 22ಕ್ಕೆ 5 ಆಂಪಿಯರ್, 20ಕ್ಕೆ ಏಳೂವರೆ ಆಂಪಿಯರ್‌ಗಿಂತ ದೊಡ್ಡ ಬ್ರೇಕರ್ ಹಾಕಬಾರದು. ಬೆಸುಗೆ ಹಾಕಿದ ಜೋಡಣೆ ನೋಡಲು ಗಟ್ಟಿ. ಆದರೆ ಸೀಸ ಎಳೆಗಳೊಳಗೆ ಹೀರಿಕೊಂಡು ನಿಂತ ಜಾಗದಲ್ಲಿ ವೈರು ಬಿರುಸಾಗಿ, ಇಂಜಿನ್ ನಡುಕಕ್ಕೆ ಅಲ್ಲೇ ತುಂಡಾಗುತ್ತದೆ. ಕ್ರಿಂಪ್ ಮಾಡಿ, ಜಗ್ಗಿ ನೋಡಿ, ಎರಡೂ ತುದಿಗೆ ಹೆಸರು ಬರೆಯಿರಿ. ಕನೆಕ್ಟರಿಗೆ ಬರುವ ವೈರು ಕೆಳಗಿಳಿದು ಆಮೇಲೆ ಮೇಲೇರಿ ಬರಲಿ, ಸೋರಿದ ನೀರು ತಗ್ಗಿನಲ್ಲಿ ತೊಟ್ಟಿಕ್ಕಿ ಹೋಗುತ್ತದೆ.

ಡಬ್ಬಿಗಳು ಪರಸ್ಪರ ಮಾತಾಡುವ ಕ್ಯಾನ್ ಬಸ್ ಎಂಬ ಎರಡು ವೈರಿನ ಸಾಲಿಗೆ ಎರಡು ತುದಿಯಲ್ಲೂ 120 ಓಮ್ ರೆಸಿಸ್ಟರ್ ಬೇಕು. ಪವರ್ ಆಫ್ ಇರುವಾಗ ಮೀಟರ್ ಹಿಡಿದರೆ 60 ಓಮ್ ಬರಬೇಕು. 120 ಬಂದರೆ ಒಂದು ತುದಿ ಬಿಟ್ಟುಹೋಗಿದೆ, 40 ಬಂದರೆ ಯಾರೋ ನಡುವೆ ಮೂರನೆಯದು ಹಾಕಿದ್ದಾರೆ. ಒಮ್ಮೊಮ್ಮೆ ಮಾತ್ರ ಮಾಯವಾಗಿ ಮತ್ತೆ ಬರುವ ಡಬ್ಬಿಗಳ ಹಿಂದೆ ಹೆಚ್ಚಾಗಿ ಇದೇ ಕಾರಣ ಇರುತ್ತದೆ.

ಎಹಾರ್ಸ್ ಡಬ್ಬಿಯನ್ನು ಗಟ್ಟಿಯಾದ ಜಾಗಕ್ಕೆ, ವಿಮಾನದ ಉದ್ದಗೆರೆಗೆ ಸಮವಾಗಿ ಕೂರಿಸಿ. ರಬ್ಬರ್ ಮೇಲೆ ತೂಗುವ ಪ್ಯಾನೆಲ್‌ಗೆ ಕಟ್ಟಬೇಡಿ. ಮ್ಯಾಗ್ನೆಟೋಮೀಟರಿಗೆ ಜಾಗ ಹುಡುಕುವುದು ಇನ್ನೂ ತಾಳ್ಮೆಯ ಕೆಲಸ. ರೆಕ್ಕೆಯ ತುದಿ ಅಥವಾ ಬಾಲದ ಕಡೆ, ಕಬ್ಬಿಣದಿಂದ ಅರ್ಧ ಮೀಟರಿಗಿಂತ ದೂರ, ಹಿತ್ತಾಳೆಯ ಸ್ಕ್ರೂ. ಮೊದಲು ಟೇಪಿನಲ್ಲಿ ತಾತ್ಕಾಲಿಕವಾಗಿ ಅಂಟಿಸಿ, ಸ್ಕ್ರೀನಿನಲ್ಲಿ ದಿಕ್ಕು ನೋಡುತ್ತ ದೀಪ, ಸ್ಟ್ರೋಬ್, ಪಂಪು ಒಂದೊಂದಾಗಿ ಹಾಕಿ, ಕಂಟ್ರೋಲ್ ಕಡ್ಡಿಯನ್ನು ಎಲ್ಲ ಕಡೆ ಆಡಿಸಿ. ಎರಡು ಡಿಗ್ರಿಗಿಂತ ಹೆಚ್ಚು ಅಲುಗಿದರೆ ಜಾಗ ಸರಿಯಿಲ್ಲ. ರೆಕ್ಕೆ ತುದಿಯ ದೀಪಕ್ಕೆ ಹೋಗುವ ಮತ್ತು ಮರಳುವ ಎರಡೂ ವೈರುಗಳನ್ನು ಹೆಣೆದು ಎಳೆದರೆ ಅವುಗಳ ಕಾಂತಕ್ಷೇತ್ರ ಒಂದನ್ನೊಂದು ಹೊಡೆದುಹಾಕುತ್ತದೆ, ಅರ್ಧ ತೊಂದರೆ ಅಲ್ಲೇ ಮುಗಿಯುತ್ತದೆ. ದಿಕ್ಕಿನ ಕ್ಯಾಲಿಬ್ರೇಶನ್‌ಗೆ ಬಯಲೇ ಬೇಕು; ಕಾಂಕ್ರೀಟ್ ನೆಲದೊಳಗಿನ ಸರಳು, ತಗಡಿನ ಶೆಡ್ಡು ಎರಡೂ ಹಾಳು ಮಾಡುತ್ತವೆ.

ಪ್ಯಾನೆಲ್ ಕತ್ತರಿಸುವುದು, ಕಾಗದಪತ್ರ

ಹಳೆಯ ಪ್ಯಾನೆಲ್‌ನ 79 ಮಿಲಿಮೀಟರ್ ತೂತುಗಳನ್ನು ಮುಚ್ಚಿ ತೇಪೆ ಹಾಕುವುದಕ್ಕಿಂತ 2 ಮಿಲಿಮೀಟರ್ ಅಲ್ಯುಮಿನಿಯಂ ಹಾಳೆಯಲ್ಲಿ ಹೊಸದು ಮಾಡಿಸುವುದು ಲೇಸು. ಮೊದಲು ರಟ್ಟಿನಲ್ಲಿ ಮಾದರಿ ಮಾಡಿ, ಸೀಟಿನಲ್ಲಿ ಕೂತು, ಬೆಲ್ಟ್ ಕಟ್ಟಿಕೊಂಡು, ಬೆರಳು ಎಲ್ಲಕ್ಕೂ ಮುಟ್ಟುತ್ತದೆಯೇ ನೋಡಿ. ಸ್ಕ್ರೀನಿನ ಆಳಕ್ಕೆ ಕನೆಕ್ಟರ್ ಮತ್ತು ವೈರಿನ ಬಾಗು ಸೇರಿ ಇನ್ನೂ 6, 7 ಸೆಂಟಿಮೀಟರ್ ಬೇಕು ಎಂಬುದನ್ನು ಬಹಳ ಜನ ಮರೆಯುತ್ತಾರೆ. ಕತ್ತರಿಸಲು ಬೆಳಗಾವಿಯ ಉದ್ಯಮಬಾಗ ಅಥವಾ ಹುಬ್ಬಳ್ಳಿಗೆ ಡ್ರಾಯಿಂಗ್ ಫೈಲ್ ಕಳಿಸಿದರಾಯಿತು.

ಹಳೆಯ ಜೈರೋ, ಪಂಪು, ಪೈಪು ತೆಗೆದರೆ ಕೆಲವು ಕಿಲೋ ಕಡಿಮೆಯಾಗುತ್ತದೆ, ಅದೂ ಮೂಗಿನ ಕಡೆಯಿಂದ. ವಿಮಾನವನ್ನು ಮತ್ತೆ ತೂಗಿ ಭಾರಕೇಂದ್ರದ ಲೆಕ್ಕ ಹೊಸದಾಗಿ ಬರೆಯಲೇಬೇಕು. ಮಾರ್ಪಾಡಿಗೆ ಕೈಹಾಕುವ ಮೊದಲೇ ನಾಗರಿಕ ವಿಮಾನಯಾನದ ನಿಯಂತ್ರಕ ಡಿಜಿಸಿಎ ಒಪ್ಪಿಗೆಯ ದಾರಿ ತಿಳಿದುಕೊಳ್ಳಿ, ಕತ್ತರಿಸಿದ ಮೇಲೆ ಕೇಳುವುದು ದುಬಾರಿ. ನಮ್ಮ ಜಿಲ್ಲೆಯಲ್ಲಿ ಇನ್ನೂ ನಾಗರಿಕ ವಿಮಾನ ನಿಲ್ದಾಣವಿಲ್ಲ, ಅಂಕೋಲಾದ ಅಲಗೇರಿಯದ್ದು ಬರಬೇಕಷ್ಟೇ. ಕಾರವಾರದ ಸುತ್ತ ನೌಕಾನೆಲೆ ಇದೆ. ಕಟ್ಟುವ ಕೆಲಸ ಇಲ್ಲಿ, ಹಾರುವ ಪರೀಕ್ಷೆ ಅನುಮತಿ ಇರುವ ಬೇರೆ ಕಡೆ ಎಂದೇ ಯೋಜನೆ ಹಾಕಿಕೊಳ್ಳಬೇಕು.

ಚಾಲೂ ಮಾಡುವ ಕ್ರಮ

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಹೇಗೂ ಹಾರುವುದಕ್ಕಾಗದು, ವೈರಿಂಗ್‌ಗೆ ಅದೇ ಒಳ್ಳೆಯ ಕಾಲ. ತೆರೆದ ಕನೆಕ್ಟರುಗಳಿಗೆ ರಾತ್ರಿ ಮುಚ್ಚಳ ಹಾಕಿ, ಕಾಕ್‌ಪಿಟ್‌ನಲ್ಲಿ ಸಿಲಿಕಾ ಜೆಲ್ ಚೀಲ ಇಡಿ. ಸ್ಕ್ರೀನ್ ಜೋಡಿಸುವ ಮೊದಲು ಅದರ ಪ್ಲಗ್ಗಿನಲ್ಲಿ ಪವರ್ ಸರಿಯಾದ ಪಿನ್ನಿಗೇ ಬರುತ್ತಿದೆಯೇ ಎಂದು ಮೀಟರ್ ಹಿಡಿದು ನೋಡಿ. ಮೊದಲ ಸಲ ವಿಮಾನದ ಬ್ಯಾಟರಿಯ ಬದಲು, ಕರೆಂಟಿಗೆ ಮಿತಿ ಇಡಬಹುದಾದ 13.8 ವೋಲ್ಟಿನ ಬೆಂಚ್ ಸಪ್ಲೈನಿಂದ ಒಂದೊಂದು ಸಾಮಾನಿಗೇ ಪವರ್ ಕೊಡಿ. ಶಾರ್ಟ್ ಇದ್ದರೆ ಸಪ್ಲೈ ತಾನೇ ಕೈಬಿಡುತ್ತದೆ. ಬ್ಯಾಟರಿ ಹಾಗೆ ಬಿಡುವುದಿಲ್ಲ, ನೂರಾರು ಆಂಪಿಯರ್ ಸುರಿಯುತ್ತದೆ.

ವೇಗದ ಮಿತಿಗಳ ಬಿಳಿ, ಹಸಿರು, ಹಳದಿ ಪಟ್ಟಿ ಮತ್ತು ಕೆಂಪು ಗೆರೆಯನ್ನು ಹಳೆಯ ಮೀಟರಿನ ಮೇಲೆ ಬಣ್ಣದಲ್ಲೇ ಬಳಿದಿರುತ್ತಿತ್ತು. ಹೊಸದರಲ್ಲಿ ಅವನ್ನು ನೀವೇ ತುಂಬಬೇಕು, ನಾಟ್ ಇರಬೇಕಾದಲ್ಲಿ ಕಿಲೋಮೀಟರ್ ಅಂಕಿ ಬೀಳದಂತೆ. ಹಳೆಯ ಮೀಟರನ್ನು ಎಸೆಯುವ ಮೊದಲು ಅದರ ಫೋಟೋ ತೆಗೆದಿಟ್ಟುಕೊಳ್ಳಿ. ಎಲ್ಲ ಸೆಟಿಂಗ್ ಮುಗಿದ ಮೇಲೆ ಫೈಲನ್ನು ಪೆನ್‌ಡ್ರೈವ್‌ಗೆ ಉಳಿಸಿ. ಸಾಫ್ಟ್‌ವೇರ್ ಅಪ್‌ಡೇಟ್ ಮಾಡುವಾಗ ಹೋದರೆ ಟ್ಯಾಂಕಿಗೆ ಮತ್ತೆ 5 ಲೀಟರಿನಂತೆ ಸುರಿಯುತ್ತ ಕೂರಬೇಕಾಗುತ್ತದೆ.

ರೇಡಿಯೋದಲ್ಲಿ ಗರಗರ ಸದ್ದನ್ನು ಅಡಗಿಸುವ ಸ್ಕ್ವೆಲ್ಚ್ ತೆರೆದು ಸ್ಕ್ರೀನ್, ಎಲ್‌ಇಡಿ, ಯುಎಸ್‌ಬಿ ಚಾರ್ಜರ್ ಒಂದೊಂದಾಗಿ ಹಾಕಿ ಕೇಳಿ. ಗರಗರ ಹೆಚ್ಚಾದರೆ ಬಹುಪಾಲು ಸಲ ಕಳ್ಳ ಆ ಅಗ್ಗದ ಚಾರ್ಜರೇ.

ಮೊದಲ ಕೆಲವು ಹಾರಾಟ ಹಗಲಲ್ಲಿ, ನೆಲ ಕಾಣುವ ಹವೆಯಲ್ಲಿ ಮಾತ್ರ. ಮುಳ್ಳಿನ ಪೈಲಟ್‌ಗಳಿಗೆ ಮೊದಮೊದಲು ಒಂದು ಇರಿಸುಮುರುಸು ಆಗುತ್ತದೆ. ಮುಳ್ಳು ಎಲ್ಲಿ ನಿಂತಿದೆ ಎಂದು ಓರೆಗಣ್ಣಲ್ಲೇ ತಿಳಿಯುತ್ತಿತ್ತು. ಸ್ಕ್ರೀನಿನ ಓಡುವ ಪಟ್ಟಿಯಲ್ಲಿ ಅಂಕಿ ಓದಬೇಕು. ಇಳಿಯುವಾಗ ಅದಕ್ಕೆ ಪುರುಸೊತ್ತಿರುವುದಿಲ್ಲ, ಹಾಗಾಗಿ ನೆಲದ ಮೇಲೆ ಸಿಮ್ಯುಲೇಶನ್ ಮೋಡ್‌ನಲ್ಲಿ ಕಣ್ಣು ಪಳಗಿಸಿಕೊಳ್ಳಿ. ಮೇಲೆ ಹೋದ ಮೇಲೆ ನಾಲ್ಕು ದಿಕ್ಕಿಗೂ ಒಂದೇ ವೇಗದಲ್ಲಿ ಹಾರಿ, ಜಿಪಿಎಸ್ ವೇಗಗಳ ಸರಾಸರಿ ತೆಗೆದು, ಎತ್ತರ ಮತ್ತು ಬಿಸಿಗೆ ಸರಿಪಡಿಸಿದ ವೇಗದ ಜೊತೆ ಹೋಲಿಸಿ. 20 ಡಿಗ್ರಿ ವಾಲಿಸಿ ಪೂರ್ತಿ ಒಂದು ಸುತ್ತು ತಿರುಗಿ ನೇರವಾದಾಗ ಸ್ಕ್ರೀನಿನ ದಿಗಂತ ಹೊರಗಿನ ದಿಗಂತಕ್ಕೆ ಕೂಡಲೇ ಹೊಂದಬೇಕು. ಕೆಲವು ಸೆಕೆಂಡ್ ವಾಲಿಯೇ ಇದ್ದರೆ ಎಹಾರ್ಸ್ ಡಬ್ಬಿ ಸೊಟ್ಟ ಕೂತಿರಬಹುದು ಅಥವಾ ನಡುಗುತ್ತಿರಬಹುದು. ಕೊನೆಗೆ ಸುರಕ್ಷಿತ ಎತ್ತರದಲ್ಲಿ, ಪಕ್ಕದಲ್ಲಿ ಇನ್ನೊಬ್ಬ ಪೈಲಟ್ ಇರುವಾಗ, ಮುಖ್ಯ ಸ್ಕ್ರೀನಿನ ಬ್ರೇಕರ್ ಎಳೆಯಿರಿ. ಬ್ಯಾಕಪ್ ಬ್ಯಾಟರಿ ಕೈಹಿಡಿಯುತ್ತದೆಯೇ ನೋಡಿ, ಆಮೇಲೆ ಸ್ಕ್ರೀನನ್ನು ಪೂರ್ತಿ ಆರಿಸಿ, ಆ ಎರಡು ಸಣ್ಣ ಮುಳ್ಳುಗಳನ್ನೇ ನಂಬಿ ನಿಲ್ದಾಣದ ಸುತ್ತ ಒಂದು ಸುತ್ತು ಹಾರಿ ಇಳಿಯಿರಿ.